ಅಕ್ಕನ ಹೇಳಿಕೆ

“ಇಲ್ಲಿ ಅಳ್ತಾ ನಿಂತಿರೋಳು ಯಾರು?” ಎಂದು ಕೇಳಿದಳು ಅಕ್ಕ.

ಎದುರಿಗೆ ಕುಳಿತಿದ್ದ ತಂಗಿ ಹಾಳೆಯತ್ತ ಬಗ್ಗಿ ನೋಡಿದಳು. ಮೂರು ದಿನದಿಂದ ಅಕ್ಕ ಕಿಟಕಿಯ ಬಳಿ ಕುಳಿತು ತಂಗಿ ಬರೆದ ಕಾದಂಬರಿಯ ಪ್ರೂಫ್ ಹಾಳೆಗಳನ್ನು ಓದುತ್ತಿದ್ದಳು. ಈಗ ಒಂಬತ್ತನೆಯ ಅಧ್ಯಾಯದ ಮೇಲೆ ಬೆರಳಿಟ್ಟಿದ್ದಳು.

“ನೀನೇ ಅಲ್ವಾ ಅಕ್ಕ. ಭಾವನ ಮನೆ ಬಿಟ್ಟು ಬಂದ ದಿನ. ಬಸ್ ಸ್ಟ್ಯಾಂಡಲ್ಲಿ.”

“ನಾನು ಅಳಲಿಲ್ಲ.”

“ಮನೆಗೆ ಬಂದಾಗ ಕಣ್ಣು ಕೆಂಪಗಿತ್ತು. ಬಾಗಿಲು ತೆಗೆದವಳು ನಾನೇ.”

“ಕಣ್ಣು ಕೆಂಪಗಿದ್ರೆ ಅತ್ತಿದಾಳೆ ಅಂತಾನಾ?” ಅಕ್ಕ ಕನ್ನಡಕ ತೆಗೆದಳು. “ಮೂವತ್ತೈದು ವರ್ಷ ನೀನು ಕೋರ್ಟಲ್ಲಿ ಕೂತು ಕಂಡವರ ಸಾಕ್ಷಿಯೆಲ್ಲ ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಮನೇಲಿರೋ ಸಾಕ್ಷೀನ ಒಂದು ಮಾತು ಕೇಳಬಾರದಿತ್ತಾ?”

ಕೇಳಲು ತಂಗಿಗೆ ಧೈರ್ಯ ಬಂದಿರಲಿಲ್ಲ, ನಿಜ. ನಿವೃತ್ತಿಯಾದ ಮರುವಾರವೇ ಬರೆಯಲು ಕುಳಿತವಳು ನಾಲ್ಕು ವರ್ಷದಲ್ಲಿ ಮುನ್ನೂರು ಪುಟ ಮುಗಿಸಿದ್ದಳು. ಅರವತ್ತನಾಲ್ಕಕ್ಕೆ ಮೊದಲ ಕಾದಂಬರಿಯೇ ಎಂದು ಹಳೆಯ ವಕೀಲರು ನಕ್ಕಾಗಲೂ ಅವಳ ಕೈ ನಿಂತಿರಲಿಲ್ಲ. ಪ್ರಕಾಶಕರು ಒಪ್ಪಿದಾಗ ಆಶ್ಚರ್ಯವೂ ಆಗಿರಲಿಲ್ಲ; ಬರೆದದ್ದು ಚೆನ್ನಾಗಿದೆಯೆಂದು ಅವಳಿಗೆ ಗೊತ್ತಿತ್ತು. ಒಂದೇ ಸೂರಿನ ಕೆಳಗಿದ್ದ ಅಕ್ಕನಿಗೆ ಓದಿಸುವುದನ್ನು ಮಾತ್ರ ಇವತ್ತು ನಾಳೆ ಎಂದು ದೂಡುತ್ತ ಬಂದಿದ್ದಳು.

ಅವಳು ಎದ್ದು ಪೆನ್ನು, ಕಾಗದ ತಂದಳು. “ಈಗ ಹೇಳು.”

“ಬರ್ಕೋ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಎದುರಿಗೇ ಹೋಟ್ಲು. ಹೋಗಿ ಕೂತೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನನಗೂ ಒಬ್ಬರು ಬಡಿಸಿದ್ರು. ಸಾಕಾ ಅಂತ ಕೇಳಿದ್ರು, ಇನ್ನೊಂದು ಸಲ ಹಾಕಿ ಅಂದೆ. ಆಮೇಲೆ ಬೆಂಚಿಗೆ ಬಂದು ಸೂಟ್‌ಕೇಸ್ ಮೇಲೆ ತಲೆ ಇಟ್ಟೆ ನೋಡು, ಗಡದ್ದಾಗಿ ನಿದ್ದೆ. ಬಸ್ ಹೋಗೇಬಿಡ್ತು.”

“ಬಸ್ ತಪ್ಪಿತಾ?”

“ಒಂದಲ್ಲ, ಎರಡು. ಕಣ್ಣು ಕೆಂಪಗಿದ್ದಿದ್ದು ಆ ನಿದ್ದೆಗೆ.”

ತಂಗಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು. ನಗು ಇಳಿದ ಮೇಲೆ ಹೇಳಿದಳು: “ಬಾಗಿಲಲ್ಲೇ ನೀನು ಅಳೋಕೆ ಶುರು ಮಾಡಿದೆ. ಒಳಗೆ ಅಮ್ಮನೂ ಅಳ್ತಿದ್ಲು. ಅಂಥಾ ಹೊತ್ತಲ್ಲಿ, ಹೊಟ್ಟೆತುಂಬ ಉಂಡು ನಿದ್ದೆ ಹೊಡ್ದು ಬಂದೆ ಅಂತ ಹೇಗೆ ಹೇಳಲಿ?”

“ಇದನ್ನ ಹಾಕಲಾ? ಜನ ಏನಂತಾರೋ.”

“ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಹಾಕು.”

ಫೋನಿನಲ್ಲಿ ವಿಷಯ ಕೇಳಿದ ಪ್ರಕಾಶಕರು ಒಪ್ಪಲಿಲ್ಲ. “ಆ ಅಳು ಓದಿ ನನ್ನ ಹೆಂಡತೀನೂ ಕಣ್ಣೊರೆಸಿಕೊಂಡಳು ಮೇಡಂ. ಪುಸ್ತಕದ ಜೀವಾಳನೇ ಅದು. ಸೋಮವಾರ ಅಚ್ಚಿಗೆ ಹೋಗ್ಬೇಕು, ಈಗ ಮುಟ್ಟಿದ್ರೆ ಪುಟ ಎಲ್ಲ ಆಚೀಚೆ ಆಗುತ್ತೆ. ಹೊಸಬರು ಇಷ್ಟು ಹಠ ಮಾಡಬಾರದು.”

“ಬರವಣಿಗೆಗೆ ಹೊಸಬಳು ಸರಿ, ವಯಸ್ಸಿಗಲ್ಲ,” ಎಂದಳು ಅವಳು. “ಪುಟ ಒಂದು ಸಾಲು ಕೂಡ ಆಚೀಚೆ ಆಗಲ್ಲ, ಅದು ನನ್ನ ಜವಾಬ್ದಾರಿ. ಬೇಡ ಅಂದ್ರೆ ಹಸ್ತಪ್ರತಿ ವಾಪಸ್ ಕೊಟ್ಟುಬಿಡಿ.”

ಬಟ್ಟೆ ಮಡಚುತ್ತಿದ್ದ ಅಕ್ಕ ತಲೆಯೆತ್ತಿ ನೋಡಿದಳು. ಅತ್ತ ಕಡೆಯಿಂದ ಪುಟ ತಿರುವುವ ಸದ್ದು ಕೇಳಿಸಿತು. ಆಮೇಲೆ, “ಭಾನುವಾರ ಸಂಜೆಯೊಳಗೆ ಕಳಿಸಿ,” ಎಂಬ ಮಾತು ಬಂತು.

ನಾಲ್ಕು ಪುಟ ಹೊಡೆದುಹಾಕಿ ನಾಲ್ಕು ಪುಟ ಬರೆದಳು. ಸಾಲು ಎಣಿಸುವುದು ಟೈಪಿಸ್ಟಾಗಿದ್ದ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೂ ಕೊನೆಯಲ್ಲಿ ಒಂದು ಸಾಲು ಕಡಿಮೆ ಬಿತ್ತು.

“ಊಟ ಚೆನ್ನಾಗಿತ್ತು ಅಂತ ಹೋಟ್ಲಿನೋರಿಗೆ ಹೇಳಿ ಬಂದೆ. ಅದನ್ನೂ ಸೇರಿಸು,” ಎಂದಳು ಅಕ್ಕ.

ಸೋಮವಾರ ಬೆಳಿಗ್ಗೆ ಪ್ರಕಾಶಕರೇ ಫೋನ್ ಮಾಡಿದರು. “ಹೆಂಡತಿಗೆ ಓದೋಕೆ ಕೊಟ್ಟೆ ಮೇಡಂ. ಈ ಸಲ ಅಳಲಿಲ್ಲ. ನಾಳೆ ಅಡುಗೆ ನೀವೇ ಮಾಡಿ ಅಂತ ನನಗೆ ಹೇಳಿದಳು.” ಅವರು ಗಂಟಲು ಸರಿಮಾಡಿಕೊಂಡರು. “ಅಚ್ಚಿಗೆ ಕಳಿಸಿದೀನಿ.”

ತಿಂಗಳ ನಂತರ ಪುಸ್ತಕಗಳ ಪೆಟ್ಟಿಗೆ ಮನೆಗೆ ಬಂತು. ತಂಗಿ ಮುಖಪುಟದ ಮೇಲೆ ಅಂಗೈ ಆಡಿಸಿ, ಬೆನ್ನು ನೋಡಿ, ಇನ್ನೊಂದನ್ನು ಎತ್ತಿ ಅದನ್ನೂ ಹಾಗೆಯೇ ನೋಡಿದಳು. ಕಾದಂಬರಿಯಲ್ಲಿ ಅಕ್ಕನಿಗೆ ಬೇರೆಯದೇ ಹೆಸರಿತ್ತು. ಅಕ್ಕ ತನ್ನ ಪಾಲಿನ ಪ್ರತಿಯ ಮೊದಲ ಖಾಲಿ ಪುಟ ತೆರೆದು, ಶಾಲೆಯ ಪುಸ್ತಕದ ಮೇಲೆ ಬರೆಯುವಂತೆ ತನ್ನ ಹೆಸರನ್ನು ದುಂಡಗೆ ಬರೆದಳು. ಶಾಯಿ ಆರುವವರೆಗೆ ಪುಟ ಮುಚ್ಚದೆ ಮೆಲ್ಲಗೆ ಊದುತ್ತ ಕುಳಿತಳು.