ಕ್ಯಾರವಾನಿನ ಅಡಿಯ ಟ್ಯಾಂಕು

ನಾನು ಒಂದು ಟ್ಯಾಂಕು. ಮನೆಯ ತಾರಸಿಯ ಮೇಲೆ ಆಕಾಶ ನೋಡುತ್ತ ಕೂರುವಂಥದ್ದಲ್ಲ. ಕ್ಯಾರವಾನ್ ಎನ್ನುವ ಓಡಾಡುವ ಮನೆಯ ಅಡಿಯಲ್ಲಿ, ಕಬ್ಬಿಣದ ಪಟ್ಟಿ ಬಿಗಿದು ತೂಗುಹಾಕಿದ ಚಪ್ಪಟೆ ಟ್ಯಾಂಕು. ಒಳಗಿನ ಪಾಯಿಖಾನೆಯಿಂದ ಬಂದದ್ದನ್ನೆಲ್ಲ ತುಂಬಿಕೊಳ್ಳುವುದು ನನ್ನ ಕೆಲಸ. ಇದನ್ನು ಕೇಳಿ ನೀವು ಮುಖ ಕಿವಿಚಿದರೆ ನನಗೆ ಬೇಸರವಿಲ್ಲ. ಅಭ್ಯಾಸವಾಗಿದೆ.

ಹುಟ್ಟಿದ್ದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಪ್ಪು ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿಗೆ ಸುರಿದು, ಕಾಯಿಸಿ, ತಣಿಸಿ ನನ್ನನ್ನು ಹೊರತೆಗೆದರು. ನನ್ನ ಹಿಂದೆಯೇ ಅದೇ ಅಚ್ಚಿನಿಂದ ಇನ್ನೊಂದು ಟ್ಯಾಂಕು ಬಂತು. ಇಬ್ಬರಿಗೂ ಒಂದೇ ಮೈ, ಒಂದೇ ಹೊಳಪು. ಚಹಾದ ಲೋಟ ಹಿಡಿದುಕೊಂಡೇ ಒಬ್ಬ ಕೆಲಸಗಾರ ಬಂದು ಸೀಮೆಸುಣ್ಣದಿಂದ ಅದರ ಮೇಲೆ ‘ನೀರು’ ಎಂದು ಬರೆದ, ನನ್ನ ಮೇಲೆ ‘ಗಲೀಜು’ ಎಂದು ಬರೆದ. ಅವನು ಯೋಚಿಸಿದ ಹಾಗೆ ಕಾಣಲಿಲ್ಲ. ಅದು ಅವನ ಕೈಗೆ ಹತ್ತಿರವಿತ್ತು, ನಾನು ತುಸು ದೂರವಿದ್ದೆ.

ನನ್ನ ಮೊದಲ ಒಡತಿ ವತ್ಸಲಾ ಪೈ. ಅವರೂ ಅವರ ಗಂಡನೂ ಕ್ಯಾರವಾನನ್ನು ಪ್ರವಾಸ ಹೋಗುವ ಸಂಸಾರಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಗಂಡನಿಗೆ ಇಂಜಿನ್ನು, ಟಯರು, ಬಣ್ಣ ಇವುಗಳ ಮೇಲೆ ಪ್ರೀತಿ. ನನ್ನನ್ನು ನೋಡಿಕೊಂಡವರು ವತ್ಸಲಕ್ಕ ಒಬ್ಬರೇ. ಪ್ರತಿ ಪ್ರವಾಸ ಮುಗಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಗವಸು ಹಾಕಿಕೊಂಡು, ನೆಲದ ಮೇಲೆ ಕೂತು ನನ್ನ ಬಾಯಿ ತೆರೆಯುತ್ತಿದ್ದರು. ಖಾಲಿಯಾದ ಮೇಲೆ ಧಾರಾಳವಾಗಿ ನೀರು ಬಿಟ್ಟು ತೊಳೆಯುತ್ತಿದ್ದರು. ಆಮೇಲೆ ನಿಂಬೆ, ಮೂಸಂಬಿ ಸಿಪ್ಪೆಗಳನ್ನು ಬೆಲ್ಲದ ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಸೋಸಿದ ದ್ರವವನ್ನು ಒಂದು ಚೊಂಬು ಹಾಕುತ್ತಿದ್ದರು. ನನ್ನೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ, ಕೊಳೆಯನ್ನು ತಿಂದು ಕರಗಿಸುವುದು ಅವೇ, ಫಿನಾಯಿಲ್ ಸುರಿದರೆ ಅವು ಸಾಯುತ್ತವೆ, ಅವು ಸತ್ತರೆ ನಾರುತ್ತದೆ ಎಂದು ಬಾಡಿಗೆಗೆ ಬಂದವರಿಗೆಲ್ಲ ತಾಳ್ಮೆಯಿಂದ ಹೇಳುತ್ತಿದ್ದರು. ಕೇಳುವವರು ನಕ್ಕು ತಲೆಯಾಡಿಸುತ್ತಿದ್ದರು. ಆ ದಿನಗಳಲ್ಲಿ ನನ್ನಿಂದ ಯಾರಿಗೂ ತೊಂದರೆಯಾಗಲಿಲ್ಲ. ಮಕ್ಕಳು ನನ್ನ ನೆತ್ತಿಯ ಮೇಲಿನ ನೆಲದಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದರು.

ವತ್ಸಲಕ್ಕನ ಮಂಡಿ ಸವೆಯಿತು. ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ಅವರ ಬದಲು ಕೂರುವವರು ಆ ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕ್ಯಾರವಾನನ್ನು ಮಾರಿದರು. ಕೊಂಡವರು ಸಿನಿಮಾ ಚಿತ್ರೀಕರಣಕ್ಕೆ ಗಾಡಿ ಬಾಡಿಗೆ ಕೊಡುವವರು. ಒಯ್ಯಲು ಬಂದವನು ಡ್ರೈವರ್ ಮಾದೇಶ. ವತ್ಸಲಕ್ಕ ಅವನಿಗೆ ಎಲ್ಲವನ್ನೂ ವಿವರಿಸಿ, ಕೊನೆಗೆ ನನ್ನಿಂದ ಗೋಡೆಯೊಳಗೆ ಹಾದು ಮಾಡಿನ ಮೇಲೆ ತೆರೆದುಕೊಳ್ಳುವ ಪೈಪನ್ನು ತೋರಿಸಿದರು.

“ಅದು ಇದರ ಮೂಗು ಮಾರಾಯ. ಕೆಟ್ಟ ಗಾಳಿ ಮೇಲೆ ಹೋಗ್ಲಿಕ್ಕೆ ಇರುವುದು. ಏನು ಬೇಕಾದ್ರೂ ಮಾಡು, ಅದನ್ನು ಮಾತ್ರ ಮುಚ್ಬೇಡ.”

ಮಾದೇಶ ಹೂಂ ಎಂದ. ಅವನ ಕಣ್ಣು ಏ.ಸಿ.ಯ ಮೇಲಿತ್ತು.

ಹೊಸ ಬದುಕಿನಲ್ಲಿ ಕ್ಯಾರವಾನಿಗೆ ಸುತ್ತ ದೀಪಗಳಿರುವ ಕನ್ನಡಿ ಬಂತು, ಮೆತ್ತನೆ ಕುರ್ಚಿ ಬಂತು, ಬಾಗಿಲಿಗೆ ನಾಯಕಿಯ ಹೆಸರಿನ ಹಾಳೆ ಅಂಟಿತು. ಆಯುಧಪೂಜೆಯ ದಿನ ಸ್ಟಿಯರಿಂಗಿಗೆ, ಚಕ್ರಗಳಿಗೆ, ಜ್ಯಾಕಿಗೆ ಕೂಡ ಕುಂಕುಮ ಇಟ್ಟರು. ನನ್ನ ತನಕ ಯಾರೂ ಬಗ್ಗಲಿಲ್ಲ. ನಾನು ಜನರನ್ನು ಪಾದಗಳಿಂದ ಗುರುತಿಸುವುದನ್ನು ಕಲಿತೆ. ಕೆಳಗೆ ತೂಗುವವರಿಗೆ ನಿಂತವರಲ್ಲಿ ಕಾಣುವುದು ಅಷ್ಟೆ. ಉಳಿದದ್ದು ಮಾತಿನಿಂದ, ಸದ್ದಿನಿಂದ ತಿಳಿಯುತ್ತಿತ್ತು.

ಹಾಗೆ ಗುರುತಿಸಿದ ಪಾದಗಳಲ್ಲಿ ಒಂದು ಜೊತೆಯನ್ನು ಮರೆಯಲಾರೆ. ಹಿಮ್ಮಡಿ ಒಡೆದಿತ್ತು, ಕಣಕಾಲಿನ ಸುತ್ತ ವರ್ಷಗಟ್ಟಲೆ ಗೆಜ್ಜೆ ಕಟ್ಟಿದ ಕಪ್ಪು ಗುರುತಿತ್ತು. ಅವು ಯಮುನಾಬಾಯಿಯವರ ಪಾದಗಳು. ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಪ್ರಾಯ ಕಳೆದು, ಕಂಪನಿ ಮುಚ್ಚಿದ ಮೇಲೆ ಸಿನಿಮಾಕ್ಕೆ ಬಂದವರು. ಸಿನಿಮಾ ಅವರ ಕೈಗೆ ಕಾಫಿ ತಟ್ಟೆ ಕೊಟ್ಟಿತ್ತು, ಮದುವೆಮನೆಯ ಗುಂಪಿನಲ್ಲಿ ನಿಲ್ಲಿಸಿತ್ತು, ಮಾತು ಮಾತ್ರ ಕೊಟ್ಟಿರಲಿಲ್ಲ. ಈ ಸಲ ಕೊಟ್ಟಿತ್ತು. ಕಲ್ಲುಗಣಿಯಲ್ಲಿ ಸತ್ತ ಮಗನ ಹೆಣದ ಮುಂದೆ ನಿಂತು ತಾಯಿ ಗಣಿಯ ಒಡೆಯನಿಗೆ ಹೇಳುವ ಉದ್ದನೆಯ ಮಾತು. ಇಡೀ ಚಿತ್ರವೇ ಆ ಮಾತಿಗಾಗಿ ಮಾಡಿದ್ದು ಎಂದು ಎಲ್ಲರೂ ಹೇಳುತ್ತಿದ್ದರು.

ಚಿತ್ರೀಕರಣ ಕೋಲಾರದ ಕಡೆಯ ಪಾಳುಬಿದ್ದ ಕಲ್ಲುಗಣಿಯಲ್ಲಿ. ಅಲ್ಲಿ ಮರೆಗೆ ಒಂದು ಗಿಡ ಕೂಡ ಇರಲಿಲ್ಲ. ಗುಂಪಿನ ದೃಶ್ಯಗಳಿಗೆ ಬಂದ ಹೆಂಗಸರು ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿದು, ಬಂಡೆಗಳಾಚೆ ಬಿಸಿಲಲ್ಲಿ ಬಹುದೂರ ನಡೆದು ಹೋಗಿ ಬರುತ್ತಿದ್ದರು. ಯಮುನಾಬಾಯಿಯವರಿಗೆ ಸಕ್ಕರೆ ಕಾಯಿಲೆ, ಮೇಲಿಂದ ಮೇಲೆ ಹೋಗಬೇಕು. ಪಾತ್ರ ಒಪ್ಪುವಾಗ ಅವರು ಕೇಳಿದ್ದು ಒಂದೇ ಒಂದು, ಹೋಗಲು ಒಂದು ಮುಚ್ಚಿದ ಜಾಗ. ಪ್ರೊಡಕ್ಷನ್ ಮ್ಯಾನೇಜರ್ ಉಮಾಪತಿ ಒಪ್ಪಿದ್ದ. ನಾಯಕಿ ಇಂಚರಾ ಚಿಕ್ಕ ಹುಡುಗಿ, ಕೆಟ್ಟವಳಲ್ಲ. ನನ್ನ ಕ್ಯಾರವಾನಿಗೇ ಬನ್ನಿ ಅಜ್ಜಿ ಎಂದು ತಾನೇ ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡಿದ್ದಳು.

ಯಮುನಾಬಾಯಿ ಒಳಗೆ ಬಂದರೆ ಮೈಮುದುರಿಕೊಂಡು ಬಂದು, ಕೆಲಸ ಮುಗಿಸಿ, ಎರಡೆರಡು ಸಲ ನೀರು ಹಾಕಿ, ಒದ್ದೆಯಾದ ನೆಲವನ್ನು ತಾವೇ ಒರೆಸಿ ಹೋಗುತ್ತಿದ್ದರು. ವತ್ಸಲಕ್ಕನ ನಂತರ ನನಗೆ ಅಷ್ಟು ನೀರು ಕೊಟ್ಟವರು ಅವರೊಬ್ಬರೇ. ಉಳಿದ ಹೊತ್ತು ಕ್ಯಾರವಾನಿನ ನೆರಳಿನಲ್ಲಿ ಕೂತು ಆ ಉದ್ದ ಮಾತನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಆ ದನಿಗೆ ನನ್ನ ಪ್ಲಾಸ್ಟಿಕ್ ಮೈ ಸಣ್ಣಗೆ ನಡುಗುತ್ತಿತ್ತು.

ಅಡುಗೆಯವರ ಶಾಮಿಯಾನ ನಮ್ಮ ಪಕ್ಕದಲ್ಲೇ ಇತ್ತು. ಒಂದು ಮಧ್ಯಾಹ್ನ ಗಾಳಿ ಆ ಕಡೆ ತಿರುಗಿತು. ಮಾಡಿನ ಮೇಲಿನ ಪೈಪಿನಿಂದ ಹೊರಟ ನನ್ನ ಉಸಿರು ಊಟದ ಸಾಲಿಗೆ ಹೋಯಿತು.

“ಏನ್ ಮಾದೇಶ, ಒಗ್ಗರಣೆ ನಾನ್ ಹಾಕಿದ್ರೆ ಘಮ ನಿನ್ ಗಾಡೀದು ಬರ್ತೈತಲ್ಲ,” ಎಂದ ಅಡುಗೆಯವನು. ತಟ್ಟೆ ಹಿಡಿದವರೆಲ್ಲ ನಕ್ಕರು.

ಮಾದೇಶನಿಗೆ ಅವಮಾನವಾಯಿತು. ಮೇಕಪ್ ಒರೆಸಿ ಎಸೆದಿದ್ದ ಹಳೆಯ ಟವೆಲ್ ಒಂದನ್ನು ತೆಗೆದುಕೊಂಡು ಮಾಡು ಹತ್ತಿದ. ಅದನ್ನು ಉಂಡೆ ಮಾಡಿ ಪೈಪಿನ ಬಾಯಿಗೆ ಒತ್ತಿ ತುರುಕಿದ. ಊಟದ ಸಾಲಿನಲ್ಲಿ ವಾಸನೆ ನಿಂತಿತು. ಅವನು ಕೈ ತೊಳೆದುಕೊಂಡು ಊಟಕ್ಕೆ ಕೂತ. ಆ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡ.

ನನಗೆ ಉಸಿರು ಕಟ್ಟಿತು. ಬಿಸಿಲಿಗೆ ಒಳಗೆ ಹುಟ್ಟಿದ ಗಾಳಿಗೆ ಮೇಲಿನ ದಾರಿಯಿಲ್ಲ, ಕೆಳಗಿನ ಬಾಯಿ ಬಿಗಿದಿದೆ. ಉಳಿದದ್ದು ಪಾಯಿಖಾನೆಯ ದಾರಿ ಒಂದೇ. ಮರುದಿನದಿಂದ ಯಾರೇ ನೀರು ಹಾಕಲು ಫ್ಲಶ್ಶಿನ ಹಿಡಿ ಒತ್ತಿದರೂ ಕೆಟ್ಟ ಗಾಳಿಯೆಲ್ಲ ಒಟ್ಟಿಗೇ ಮೇಲೆ ನುಗ್ಗುತ್ತಿತ್ತು. ಇಂಚರಾ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು, ತಲೆನೋವು ಎಂದು ಮಲಗಿದಳು. ಮಾದೇಶ ಊದುಬತ್ತಿ ಹಚ್ಚಿದ, ಕರ್ಪೂರ ಕಟ್ಟಿದ, ಕೊನೆಗೆ ಫಿನಾಯಿಲ್ ಡಬ್ಬವನ್ನೇ ನನ್ನೊಳಗೆ ಬಗ್ಗಿಸಿದ. ಒಳಗಿದ್ದ ಆ ಬಡ ಜೀವಿಗಳೂ ಸತ್ತವು. ನಾತ ಎರಡರಷ್ಟಾಯಿತು.

ಯಾಕೆ ಹೀಗೆ ಎಂದು ಯಾರೂ ಹುಡುಕಲಿಲ್ಲ. ಹುಡುಕುವ ಕಷ್ಟ ಅವರಿಗೆ ಬೇಕಾಗಲಿಲ್ಲ. ಕಾರಣ ಸೀರೆಯುಟ್ಟುಕೊಂಡು ನೆರಳಿನಲ್ಲೇ ಕೂತಿತ್ತು. ಮೊದಲು ನಾಯಕಿ ಒಬ್ಬಳೇ ಬಳಸುತ್ತಿದ್ದಳು, ಆಗ ವಾಸನೆ ಇರಲಿಲ್ಲ. ಮುದುಕಿ ಬಂದಳು, ಸಕ್ಕರೆ ಕಾಯಿಲೆಯವಳು, ವಾಸನೆ ಬಂತು. ಲೆಕ್ಕ ಅಷ್ಟು ಸುಲಭವಾಗಿತ್ತು. ಅಜ್ಜಿಗೆ ನೋವಾಗದ ಹಾಗೆ ಹೇಳಿ ಎಂದು ಇಂಚರಾ ಉಮಾಪತಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಉಮಾಪತಿ ಬಂದು ನೆರಳಿನಲ್ಲಿ ನಿಂತ. ಅವನ ಬೂಟುಗಳು ಒಂದೆಡೆ ನಿಲ್ಲದೆ ಹೊರಳಾಡುತ್ತಿದ್ದವು.

“ಅಮ್ಮ, ಬೇಜಾರ್ ಮಾಡ್ಕೋಬೇಡಿ. ನಾಳೆಯಿಂದ ಆ ಕಡೆ ನಿಮಗೇ ಅಂತ ಮರೆಗೆ ಶೀಟ್ ಕಟ್ಟಿಸ್ತೀನಿ. ಮೇಡಂಗೆ ಆ ವಾಸನೆಗೆ ತಲೆನೋವು ಬಂದಿದೆ.”

“ಅದು ನನ್ನ ವಾಸನಿ ಅಂತ ಯಾರು ಹೇಳಿದ್ರೋ ತಮ್ಮಾ?”

“ಯಾರೂ ಹೇಳಿಲ್ಲಮ್ಮ. ವಯಸ್ಸಾದ್ಮೇಲೆ ಎಲ್ಲಾರ್ಗೂ ಇರೋದೇ ಅಲ್ವಾ.”

ಯಮುನಾಬಾಯಿ ಅವನು ಹೋದ ಮೇಲೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದು ನೋಡಿಕೊಂಡರು. ಮುಂಗೈಯನ್ನು ಮೂಸಿಕೊಂಡರು. ಅಷ್ಟರಲ್ಲಿ ಇಂಚರಾಳ ತಲೆಗೂದಲು ಸಿಂಗರಿಸುವ ನಾಗವೇಣಿ ಮೆಟ್ಟಿಲಿಳಿದು ಬಂದಳು. ಯಮುನಾಬಾಯಿ ಅವಳನ್ನು ಕರೆದರು.

“ನಾಗೂ, ನನ್ನ ಹತ್ರ ವಾಸನಿ ಬರ್ತದೇನವಾ? ಖರೇ ಹೇಳು, ನಾ ಸಿಟ್ಟಾಗೂದಿಲ್ಲ.”

“ಇಲ್ಲಮ್ಮ,” ಎಂದಳು ನಾಗವೇಣಿ. ಆದರೆ ಹೇಳುವ ಮೊದಲು ಒಂದು ಕ್ಷಣ ತಡೆದಳು. ಬಾಗಿಲು ತೆರೆದೇ ಇತ್ತು, ಒಳಗಿನ ನಾತ ಅವಳ ಹಿಂದೆಯೇ ಹೊರಗೆ ಬಂದಿತ್ತು. ಯಮುನಾಬಾಯಿ ಅವಳ ಮಾತನ್ನು ನಂಬಲಿಲ್ಲ. ಆ ತಡೆದ ಕ್ಷಣವನ್ನು ನಂಬಿದರು.

ನಾನಿದ್ದದ್ದು ಅವರ ತಲೆಯಿಂದ ಒಂದು ಮೊಳ ದೂರದಲ್ಲಿ. ಅಲ್ಲ ತಾಯಿ, ಇದು ನನ್ನದು, ನನ್ನ ಮೂಗಿಗೆ ಟವೆಲ್ ತುರುಕಿದ್ದಾರೆ, ಮೇಲೆ ಹತ್ತಿ ನೋಡಿ ಎಂದು ಹೇಳಲು ನನಗೆ ಬಾಯಿಲ್ಲ. ಇರುವ ಬಾಯನ್ನು ತೆರೆದರೆ ಬರುವುದು ಏನೆಂದು ನಿಮಗೆ ಗೊತ್ತು.

ಶೀಟು ಕಟ್ಟಿದರು. ಗಣಿಯ ಗಾಳಿ ಅದನ್ನು ಮೊದಲ ದಿನವೇ ಹಾರಿಸಿಕೊಂಡು ಹೋಯಿತು. ಮತ್ತೆ ಕಟ್ಟುವುದನ್ನು ಎಲ್ಲರೂ ಮರೆತರು. ಯಮುನಾಬಾಯಿ ನೆನಪಿಸಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟರು. ಬಾಟಲಿ ತಂದುಕೊಟ್ಟರೆ ಪಕ್ಕಕ್ಕಿಡುತ್ತಿದ್ದರು, ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ನನ್ನ ನೆರಳಿನಿಂದ ಎದ್ದು ಯಾರೂ ಇಲ್ಲದ ಕಡೆ, ಗಾಳಿ ಜನರತ್ತ ಬೀಸದ ಕಡೆ ಹುಡುಕಿ ಕೂರತೊಡಗಿದರು. ಅವರು ಹೇಳಿಕೊಳ್ಳುತ್ತಿದ್ದ ಮಾತು ನನಗೆ ಕೇಳದಾಯಿತು.

ಆ ದೊಡ್ಡ ದೃಶ್ಯದ ದಿನ ಅವರಿಗೆ ಮೈ ಸುಡುತ್ತಿತ್ತು. ಬಿಳಿ ಸೀರೆ ಉಡಿಸುವಾಗ ನಾಗವೇಣಿಗೆ ಗೊತ್ತಾಗಿ ಜ್ವರ ಎಂದಳು. ಹೇಳಬೇಡ, ಇದೊಂದು ಮುಗೀಲಿ ಎಂದು ಅವರು ಅವಳ ಕೈ ಒತ್ತಿದರು. ಕ್ಯಾಮೆರಾ ಮುಂದೆ ನಿಂತು ಮೊದಲ ನಾಲ್ಕು ಮಾತು ಆಡಿದರು. ಗಣಿಯ ಗೋಡೆಗೆ ತಾಗಿ ಆ ದನಿ ನನ್ನ ತನಕ ಬಂತು. ಎಲ್ಲರ ಪಾದಗಳೂ ಅಲುಗದೆ ನಿಂತವು. ಐದನೆಯ ಮಾತು ಬರಲಿಲ್ಲ. ಓಡಿದ ಹೆಜ್ಜೆಗಳ ಸದ್ದು ಬಂತು.

ಮೂತ್ರದ ಸೋಂಕು, ಕಿಡ್ನಿಗೆ ಏರಿದೆ ಎಂದು ಆಸ್ಪತ್ರೆಯಿಂದ ಸುದ್ದಿ ಬಂತು. ಚಿತ್ರೀಕರಣ ಕಾಯುವ ಹಾಗಿರಲಿಲ್ಲ. ಬಿಳಿ ಸೀರೆಯನ್ನು ಬೇರೊಬ್ಬ ಹೆಂಗಸಿಗೆ ಉಡಿಸಿ ಬೆನ್ನು ಕಾಣುವ ಹಾಗೆ ನಿಲ್ಲಿಸಿದರು. ಆ ಮಾತುಗಳನ್ನು ಇಂಚರಾಳಿಗೆ ಕೊಟ್ಟರು. ಅವಳು ಚೆನ್ನಾಗಿಯೇ ಹೇಳಿದಳಂತೆ.

ಯಮುನಾಬಾಯಿ ಹೋದರೂ ನಾತ ಹೋಗಲಿಲ್ಲ. ಹಳೆಯದು ಹೋಗಲು ಹೊತ್ತು ಬೇಕು ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ಗಣಿಯ ಕೆಲಸ ಮುಗಿದು ಕ್ಯಾರವಾನ್ ಗ್ಯಾರೇಜಿಗೆ ಹೋಯಿತು. ಏ.ಸಿ. ನೋಡಲು ಮಾಡು ಹತ್ತಿದ ಮೆಕ್ಯಾನಿಕ್ ಪೈಪಿನಲ್ಲಿದ್ದ ಟವೆಲನ್ನು ಕಂಡು, ಇದ್ಯಾಕಪ್ಪ ಇಲ್ಲಿ ಎಂದು ಕಿತ್ತು ಎಸೆದ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಆಮೇಲೆ ಕೊಳೆ ಖಾಲಿ ಮಾಡಿ ತೊಳೆದರು. ನಾನು ಎಷ್ಟೋ ದಿನಗಳ ಮೇಲೆ ಉಸಿರು ಬಿಟ್ಟೆ. ಮುಂದಿನ ಚಿತ್ರೀಕರಣದ ಮೊದಲ ದಿನ ಒಳಗೆ ಕಾಲಿಟ್ಟ ಉಮಾಪತಿ ಮೂಗರಳಿಸಿ ನೋಡಿದ.

“ನೋಡಿದ್ಯಾ ಮಾದೇಶ? ಆಯಮ್ಮ ಹೋದ್ಮೇಲೆ ಹೆಂಗಿದೆ.”

“ಹೂಂ ಸಾರ್,” ಎಂದ ಮಾದೇಶ. ಅವನಿಗೆ ಟವೆಲ್ ನೆನಪಿತ್ತೋ ಇಲ್ಲವೋ, ಈ ತನಕ ನನಗೆ ತಿಳಿದಿಲ್ಲ. ನೆನಪಿರಲಿಲ್ಲ ಎಂದೇ ಅಂದುಕೊಳ್ಳುತ್ತೇನೆ. ಇದ್ದಿದ್ದರೆ ಅದನ್ನು ತುಂಬಿಕೊಳ್ಳುವಷ್ಟು ಜಾಗ ನನ್ನಲ್ಲಿಲ್ಲ.

ಯಮುನಾಬಾಯಿ ಬದುಕಿ ಉಳಿದರು. ಮುಂದೊಂದು ಸಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ನಾಗವೇಣಿ ಇನ್ನೊಬ್ಬಳಿಗೆ ಹೇಳಿದ್ದರಿಂದ ತಿಳಿಯಿತು. ಅವರು ಈಗ ಗದಗಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಯಾರು ಕರೆದರೂ ಪಾತ್ರ ಒಪ್ಪುವುದಿಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಸ್ನಾನ ಮಾಡುತ್ತಾರೆ. ನಾಗವೇಣಿ ನೋಡಲು ಹೋದಾಗ ಬಾಗಿಲ ಹತ್ತಿರ, ಅವಳಿಂದ ದೂರದಲ್ಲಿ ಕೂತು ಮಾತಾಡಿದರಂತೆ. ಮೊಮ್ಮಗಳು ತೊಡೆ ಏರಲು ಬಂದರೆ ಸೆರಗು ಸರಿಸಿಕೊಂಡು, ಆಕಡಿ ಆಡ್ಕೋ ಹೋಗವಾ ಎನ್ನುತ್ತಾರಂತೆ.

ಇದನ್ನು ಹೇಳುವಾಗ ನಾಗವೇಣಿಯ ದನಿ ಸಣ್ಣಗಾಯಿತು. ಕೇಳುತ್ತಿದ್ದವಳು, ಪಾಪ, ವಯಸ್ಸಾದವರಿಗೆ ಹಾಗೇ, ಎಂದಳು.

ನಾನೂ ಮುದಿಯಾದೆ. ರಸ್ತೆಯ ಒಂದು ಉಬ್ಬಿನಲ್ಲಿ ಕಲ್ಲು ತಾಗಿ ನನ್ನ ಅಂಚು ಸೀಳಿತು. ಹೊಸ ಟ್ಯಾಂಕು ಹಾಕಿ ನನ್ನನ್ನು ಗುಜರಿಗೆ ಎಸೆದರು. ಅಲ್ಲಿ ಎಷ್ಟು ಮಳೆ, ಎಷ್ಟು ಬಿಸಿಲು ನನ್ನ ಮೇಲೆ ಹಾದುಹೋಯಿತೋ. ಒಂದು ದಿನ ಹತ್ತಿರದ ಹಳ್ಳಿಯ ಹೆಂಗಸೊಬ್ಬಳು ದನಕ್ಕೆ ನೀರಿಡಲು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತ ಬಂದಳು. ಅದು ಪಾಯಿಖಾನೆ ಟ್ಯಾಂಕು, ಬೇಡ ಎಂದ ಗುಜರಿಯವನು. ಅವಳು ಮಂಡಿಯೂರಿ ಕೂತು, ನನ್ನ ಬಾಯಿಗೆ ಮೂಗಿಟ್ಟು, ಉದ್ದಕ್ಕೆ ಉಸಿರೆಳೆದುಕೊಂಡಳು.

“ವಾಸ್ನೆ ಏನೂ ಇಲ್ವಲ್ಲಣ್ಣ,” ಎಂದಳು.

ಮೇಲಿನ ಭಾಗ ಕೊಯ್ದು ತೆಗೆದು, ಬೂದಿ ಹಾಕಿ ತಿಕ್ಕಿ, ಸೀಳಿಗೆ ತೇಪೆ ಹಾಕಿ ನನ್ನನ್ನು ತೊಟ್ಟಿ ಮಾಡಿದಳು. ಈಗ ಕೊಟ್ಟಿಗೆಯ ಮೂಲೆಯಲ್ಲಿದ್ದೇನೆ. ಮೇಲೆ ಮುಚ್ಚಳವಿಲ್ಲ. ಬೆಳಿಗ್ಗೆ ನನ್ನೊಳಗಿನ ನೀರಿನಲ್ಲಿ ಬೆಳಕು ಅಲ್ಲಾಡುತ್ತದೆ. ಇದನ್ನು ಸುಖ ಎನ್ನಬಹುದು. ಆದರೆ ಆ ಹೆಂಗಸು ನನ್ನೆದುರು ಮಂಡಿಯೂರಿದ ಆ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ಸುಖವಾಗುವುದಿಲ್ಲ. ಅಷ್ಟು ದೊಡ್ಡ ಗಣಿಯಲ್ಲಿ, ಅಷ್ಟು ಜನರಲ್ಲಿ, ಯಮುನಾಬಾಯಿಯವರ ಹತ್ತಿರ ಹಾಗೆ ಬಂದು ಕೂತವರು ಒಬ್ಬರೂ ಇರಲಿಲ್ಲ.

ಸಂಜೆ ಎಮ್ಮೆ ನೀರಿಗೆ ಬರುತ್ತದೆ. ಅಂಚಿನ ಸುತ್ತ ಒಮ್ಮೆ ಮೂಸುತ್ತದೆ, ನೀರನ್ನು ಮೂಸುತ್ತದೆ, ಆಮೇಲೆ ಬಾಯಿಡುತ್ತದೆ. ನನ್ನ ಬಗ್ಗೆ ಯಾರು ಏನು ಹೇಳಿದ್ದಾರೆಂದು ಅದು ಕೇಳುವುದಿಲ್ಲ.