ಗಿರಣಿ ಮನೆಯ ಗೋಡೆ ತೊಳೆದ ನೀರು

ಅಂದು ಬೆಳಿಗ್ಗೆ ಗಾಳಿ ಸುಳಿದಿರಲಿಲ್ಲ. ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಸೂರ್ಯ ಮೇಲೇರುವ ಮುಂಚೆಯೇ ಆಕಾಶ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಬೇವಿನ ಎಲೆ ಅಲುಗದೆ, ಹಾದಿಯ ಧೂಳು ಏಳದೆ, ಇಡೀ ಓಣಿ ಉಸಿರು ಹಿಡಿದು ಕೂತಂತಿತ್ತು. ಆ ಬೆಳಿಗ್ಗೆ ಅಲ್ಲೀಸಾಬರು ರಟ್ಟಿನ ಪೆಟ್ಟಿಗೆಯ ಪಟ್ಟಿ ಕತ್ತರಿಸಿ ನನ್ನನ್ನು ಹೊರಗೆತ್ತಿದರು.

ನಾನು ಒಂದು ನೀರು ಚಿಮ್ಮಿಸಿ ತೊಳೆಯುವ ಯಂತ್ರ. ಮಂದಿ ನನ್ನನ್ನು ಪವರ್ ವಾಷರ್ ಎನ್ನುತ್ತಾರೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ನನ್ನ ಮೋಟಾರು, ಪಂಪು, ಪೈಪು ಒಂದೊಂದಾಗಿ ಕೂಡಿಕೊಂಡವಂತೆ. ಅದು ನನಗೆ ನೆನಪಿಲ್ಲ. ತಾಯಿಯ ಹೊಟ್ಟೆ ಯಾರಿಗೆ ನೆನಪಿರುತ್ತದೆ? ನನ್ನ ಪಾಲಿಗೆ ಹುಟ್ಟು ಎಂದರೆ ಆ ಬೆಳಗು, ಅಲ್ಲೀಸಾಬರು ದೇವರ ಹೆಸರು ಹೇಳಿ ಹಚ್ಚಿದ ಊದಿನಕಡ್ಡಿಯ ವಾಸನೆ, ಮತ್ತು ಮೊದಲ ಸಲ ನನ್ನೊಳಗೆ ಇಳಿದ ನೀರು. ನೀರು ಒಳಗೆ ಬಂದಾಗಲೇ ನನಗೆ ಜೀವ ಬಂದದ್ದು. ಜೀವ ಕೊಟ್ಟವನು ಭಗವಂತ, ಅದು ನೀರಿನ ರೂಪದಲ್ಲಿ ಬಂತು ಎಂದು ನಾನು ನಂಬಿದ್ದೇನೆ.

ಅಲ್ಲೀಸಾಬರದು ಬಾಡಿಗೆ ಸಾಮಾನಿನ ಅಂಗಡಿ. ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ದೊಡ್ಡ ಹಂಡೆ, ಕೊಪ್ಪರಿಗೆ. ಅವುಗಳ ನಡುವೆ ನನ್ನನ್ನೂ ಇಟ್ಟರು. ಬೇಕಾದವರು ಒಯ್ಯುವರು, ಕೆಲಸ ಮುಗಿದ ಮೇಲೆ ತಂದಿಡುವರು. ಒಬ್ಬ ಮಾಸ್ತರರು ಮಾಳಿಗೆಯ ಪಾಚಿ ತೆಗೆಸಿದರು. ಗೃಹಪ್ರವೇಶದ ಮನೆಯೊಂದರಲ್ಲಿ ನೆಲಕ್ಕೆ ಅಂಟಿದ ಸಿಮೆಂಟು, ಬಣ್ಣದ ಕಲೆ ತೊಳೆದೆ. ಕೆಲಸ ಮುಗಿದಾಗ ಆ ಮನೆಯೊಡತಿ ನನ್ನ ಮೈಗೂ ಒಂದು ಬೊಟ್ಟು ಕುಂಕುಮ ಇಟ್ಟಳು. ತೊಳೆಯುವುದೂ ಒಂದು ಸೇವೆಯೇ ಎಂದು ಅಂದು ನನಗೆ ಅನ್ನಿಸಿತ್ತು.

ಈ ಊರಿನಲ್ಲಿ ನಳದ ನೀರು ದಿನವೂ ಬರುವುದಿಲ್ಲ. ವಾರ ದಾಟಿದ ಮೇಲೆ ಯಾವಾಗಲೋ ಬರುತ್ತದೆ. ಬಂದಾಗ ಪ್ರತಿ ಮನೆಯೂ ತನ್ನ ಟಾಕಿ, ಡ್ರಮ್ಮು, ಕೊಡ, ಚರಿಗೆ ಎಲ್ಲವನ್ನೂ ತುಂಬಿಕೊಳ್ಳುತ್ತದೆ. ಮತ್ತೆ ಬರುವ ತನಕ ಅದರಲ್ಲೇ ಬಾಳುವೆ. ಅಂಥ ಊರಿನಲ್ಲಿ ನನ್ನಂಥವನು ಹುಟ್ಟಿಬಂದದ್ದೇಕೆ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಒಂದು ದಿನ ಗಿರಣಿ ಚನ್ನವೀರಪ್ಪ ಅಂಗಡಿಗೆ ಬಂದ. ಹಿಟ್ಟಿನ ಗಿರಣಿ ಅವನದು. ಗಿರಣಿಯ ಹಿಂದೆಯೇ ಮನೆ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿದ್ದುದರಿಂದ ನಕ್ಕರೂ ಮುದುಕನಂತೆ ಕಾಣುತ್ತಿದ್ದ.

“ಸಾಹೇಬ್ರ, ಮಗಳನ್ನ ನೋಡಾಕ ಬೀಗರು ಬರೋರದಾರ. ಗ್ವಾಡಿ ಮ್ಯಾಲೆ ವರ್ಷಗಟ್ಟಲೆ ಹಿಟ್ಟು, ಎಣ್ಣಿ, ಜಿಡ್ಡು ಕುಂತೈತಿ. ಇದು ತೆಗಿತೈತೇನು?”

“ಹಿಟ್ಟೇನ್ರಿ, ಗ್ವಾಡಿನೂ ತೆಗಿತೈತಿ, ಹುಷಾರಿಲೆ ಹಿಡೀರಿ.”

“ನೀರು ಭಾಳ ಕುಡಿತೈತೇನ್ರಿ?”

“ಬರೇ ಪೈಪಿನಷ್ಟು ಕುಡಿಯಂಗಿಲ್ಲ. ಎಮ್ಮಿ ಅಲ್ರಿ ಇದು, ಆಡು ಇದ್ದಂಗ.” ಅಲ್ಲೀಸಾಬರು ನಕ್ಕರು. “ಬಾಡಿಗಿಗೆ ಒಯ್ರಿ. ಒಂದು ಮನಿ ತೊಳೆಯಾಕ ಕೊಳ್ಳೋದ್ಯಾಕ?”

“ಬಾಡಿಗಿ ಸಾಮಾನು ಅಂಗಳದಾಗ ಇಟ್ಕೊಂಡು ಬೀಗರ ಮುಂದ ಕುಂದರಲೇನ್ರಿ? ನಂದೇ ಇರಲಿ ಬಿಡ್ರಿ.”

ಹೀಗೆ ನಾನು ಅವನ ಕೈ ಸೇರಿದೆ. ಅವನ ಹೆಂಡತಿ ಪಾರವ್ವ ನನ್ನನ್ನು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ವರ್ಷಕ್ಕೊಮ್ಮಿ ಗ್ವಾಡಿ ತೊಳೆಯಾಕ ಆನಿ ತಂದು ಕಟ್ಟ್ಯಾರ ನೋಡವ್ವ. ಇದಕ್ಕ ಮೇವು ಯಾರು ಹಾಕ್ತಾರ?” ಎಂದಳು.

ಮೇವು ಎಂದರೆ ನೀರು. ಮನೆಯ ಎರಡು ಡ್ರಮ್ಮು ತುಂಬಿದ್ದವು. ಚನ್ನವೀರಪ್ಪ ಲುಂಗಿ ಮೇಲಕ್ಕೆ ಕಟ್ಟಿ ನೀರು ಚಿಮ್ಮುವ ನನ್ನ ಪಿಸ್ತೂಲು ಹಿಡಿದ. ನಾನು ಮುಂದಿನ ಗೋಡೆಯ ಮೇಲೆ ಹರಿದೆ. ಕಪ್ಪಾಗಿದ್ದ ಹಿಟ್ಟು ಗಂಜಿಯಂತೆ ಇಳಿದು, ಅದರಡಿಯಿಂದ ಹಳೆಯ ತಿಳಿನೀಲಿ ಬಣ್ಣ ಕಂಡಿತು. ಓಣಿಯ ಮಂದಿ ಬಂದು ನಿಂತರು. “ಅಣ್ಣಾರ, ಬೆಂಕಿ ಎಲ್ಲಿ ಬಿದ್ದೈತ್ರಿ?” ಎಂದು ಒಬ್ಬರು ಚೇಷ್ಟೆ ಮಾಡಿದರು. “ಮೊದಲ ಇವನ ಹುಬ್ಬಿಗೆ ಹಿಡೀರಿ” ಎಂದರು ಇನ್ನೊಬ್ಬರು. ಅವನಿಗೆ ಹುರುಪು ಬಂತು. ಮುಂದಿನ ಗೋಡೆ ಸಾಕಾಗಿತ್ತು, ಬೀಗರು ನೋಡುವುದು ಅದನ್ನೇ. ಆದರೆ ಅವನು ಪಕ್ಕದ ಗೋಡೆಗೂ, ಗಿರಣಿಯ ಬಾಗಿಲಿಗೂ, ಬೈಕಿಗೂ ನನ್ನನ್ನು ತಿರುಗಿಸಿದ. ಕೊಳೆ ಹೋಗುವುದನ್ನು ನೋಡುತ್ತ ನಿಂತವನಿಗೆ ನಿಲ್ಲಿಸುವ ಮನಸ್ಸು ಬರುವುದಿಲ್ಲ. ಡ್ರಮ್ಮು ಎರಡೂ ಬರಿದಾದವು. ಹಿಂದಿನ ಗೋಡೆ ಅರ್ಧ ನೀಲಿ, ಅರ್ಧ ಕಪ್ಪು ಉಳಿಯಿತು.

ಪಕ್ಕದ ಮನೆ ಮಡಿವಾಳಪ್ಪನವರದು. ಹಿಂದೆ ಹತ್ತಿಯ ಮಿಲ್ಲಿನಲ್ಲಿ ತೂಕದ ಕೆಲಸ ಮಾಡಿದವರು, ಈಗ ಹಾಸಿಗೆ ಹಿಡಿದಿದ್ದರು. ಮಗ ಲಾರಿ ಓಡಿಸುತ್ತ ದೂರದ ಊರುಗಳಲ್ಲಿರುತ್ತಿದ್ದ. ಸೊಸೆ ನೀಲವ್ವನೇ ಅವರನ್ನು ದಿನವೂ ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸುವವಳು. ಸ್ನಾನವಾದ ಮೇಲೆ ಲಿಂಗಪೂಜೆ, ಪೂಜೆಯಾದ ಮೇಲೆಯೇ ಊಟ. ದೀಕ್ಷೆಯಾದಂದಿನಿಂದ ಅವರು ಈ ನೇಮ ತಪ್ಪಿಸಿರಲಿಲ್ಲ.

ಚನ್ನವೀರಪ್ಪ ಕಂಪೌಂಡಿನ ಗೋಡೆಯ ಮೇಲಿಂದ ಕೂಗಿದ. “ತಂಗೆವ್ವ, ನಿಮ್ಮ ಟಾಕಿ ನೀರು ಕೊಡ್ತೀಯೇನು? ನಾಳಿಗೆ ನಳ ಬರ್ತೈತಿ. ಬಂದ ಕೂಡ್ಲೆ ನಿಮ್ಮ ಟಾಕಿ ಮೊದಲ ತುಂಬಿಸಿಕೊಡ್ತೀನಿ.”

ನೀಲವ್ವ ಹಿಂದೆ ಮುಂದೆ ನೋಡಿದಳು. “ಅಣ್ಣಾರ, ಇವರ ಸ್ನಾನಕ್ಕ…”

ಒಳಗಿನಿಂದ ಮಡಿವಾಳಪ್ಪನವರ ದನಿ ಬಂತು. “ಕೊಡವ್ವ ನೀಲಾ. ಹೆಣ್ಣುಮಗಳ ಕಾರ್ಯ ಐತಿ. ನೀರು ಕೇಳಿ ಬಂದವರಿಗೆ ಇಲ್ಲ ಅನಬಾರದು.”

ಅವರ ಟಾಕಿಗೆ ನನ್ನ ಪೈಪು ಇಳಿಯಿತು. ಆ ನೀರು ತಣ್ಣಗಿತ್ತು. ಅದು ಇನ್ನೊಬ್ಬರ ಮೈ ತೊಳೆಯಬೇಕಾದ ನೀರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೇನು ಮಾಡಬಲ್ಲೆ? ಗುಂಡಿ ಒತ್ತಿದರೆ ಓಡುವುದಷ್ಟೇ ನನ್ನ ಧರ್ಮ. ಹಿಂದಿನ ಗೋಡೆ ಪೂರ್ತಿ ನೀಲಿಯಾಯಿತು. ಟಾಕಿಯ ತಳದಲ್ಲಿ ರಾಡಿ ಮಾತ್ರ ಉಳಿಯಿತು. ಕುಡಿಯುವುದಕ್ಕೆಂದು ನೀಲವ್ವ ಒಳಗೆ ಮುಚ್ಚಿಟ್ಟಿದ್ದ ಚಿಕ್ಕ ಗಡಿಗೆಯೊಂದೇ ಆ ಮನೆಯ ನೀರು.

ಬೀಗರು ಬಂದರು. ಗೋಡೆಗೆ ಬೆನ್ನು ಹಾಕಿ ಕೂತು ಅವಲಕ್ಕಿ ತಿಂದರು, ಹುಡುಗಿಯನ್ನು ನೋಡಿದರು, ಹೋದರು. ಗೋಡೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಅಂದು ಸಂಜೆ ನನ್ನನ್ನು ಹಿತ್ತಲ ಮೆಟ್ಟಿಲ ಕೆಳಗೆ ತಂದಿಟ್ಟರು. ಇಂದಿಗೂ ಅಲ್ಲೇ ಇದ್ದೇನೆ. ನನ್ನ ಪೈಪು ಸೀಳಿಹೋಗಿದೆ, ಚಕ್ರದ ಮೇಲೆ ಕೋಳಿ ಮೊಟ್ಟೆಯಿಡುತ್ತದೆ, ಪಿಸ್ತೂಲಿನ ಬಾಯಲ್ಲಿ ಜೇಡ ಮನೆ ಮಾಡಿದೆ. ಮಾರಲೆಂದು ಒಮ್ಮೆ ಯಾರನ್ನೋ ಕರೆತಂದರು, ಅವನು ಮೂಗು ಮುರಿದು ಹೋದ. ಈ ಮೂಲೆಯಲ್ಲಿ ಕೂತು ನಾನು ಬಹಳ ಯೋಚಿಸಿದ್ದೇನೆ. ನನ್ನ ಬಾಯಿಂದ ರಭಸವಾಗಿ ಹೊರಟ ನೀರು ಯಾರ ಬಾಯಾರಿಕೆಯನ್ನೂ ತಣಿಸಲಿಲ್ಲ, ಯಾವ ಬೇರಿಗೂ ಇಳಿಯಲಿಲ್ಲ. ಕೊಳೆಯ ಜೊತೆ ಗಟಾರಕ್ಕೆ ಹೋಯಿತು. ದೇವರು ಕೇಳಿದರೆ ಏನು ಸೇವೆ ಮಾಡಿದೆ ಎಂದು ಹೇಳಲಿ? ಗೋಡೆಯ ಮೇಲೆ ಈಗ ಮತ್ತೆ ಹಿಟ್ಟು ಕೂತಿದೆ.

ಈ ಮೂಲೆಯಿಂದ, ಕಂಪೌಂಡಿನ ಒಡೆದ ಇಟ್ಟಿಗೆಯ ಸಂದಿನಲ್ಲಿ, ಮಡಿವಾಳಪ್ಪನವರ ಪಡಸಾಲೆ ಕಾಣುತ್ತದೆ. ಎರಡೂ ಮನೆಯ ಮಾತು ಕೇಳುತ್ತದೆ. ಅದೇ ನನ್ನ ದೌರ್ಭಾಗ್ಯ.

ಬೀಗರು ಬಂದು ಹೋದ ಮರುದಿನ ನಳ ಬರಲಿಲ್ಲ. ಊರ ಹೊರಗೆ ದೊಡ್ಡ ಪೈಪು ಒಡೆದಿತ್ತಂತೆ. ಅದರ ಮರುದಿನವೂ ಬರಲಿಲ್ಲ. ನೀಲವ್ವ ಮಾವನ ಕಾಲ ಬಳಿ ಕೂತಳು.

“ಮಾವಾರ, ಕುಡಿಯೋ ನೀರಾಗ ಅರಿವಿ ಅದ್ದಿ ಮೈ ಒರಸ್ತೀನಿ. ಇಲ್ಲಾಂದ್ರ ಭಸ್ಮಸ್ನಾನ ಮಾಡ್ರಿ. ಜಡ್ಡಿದ್ದವರಿಗೆ ನಡಿತೈತಿ ಅಂತ ಮಠದ ಅಯ್ಯನವರ ಹೇಳ್ಯಾರ. ಪೂಜಿ ಮಾಡಿ ಒಂದು ತುತ್ತು ಉಣ್ರಿ.”

“ನಡಿತೈತವ್ವ, ಇಲ್ಲ ಅನ್ನಂಗಿಲ್ಲ. ಆದ್ರ ಚನ್ನವೀರ ಮಾತು ಕೊಟ್ಟಾನ. ನಾ ಬೂದಿ ಹಚ್ಚಿಕೊಂಡು ಉಂಡ್ನಿ ಅಂದ್ರ, ಅವನ ಮಾತು ಸುಳ್ಳು ಅಂತ ನಾನ ತೀರ್ಮಾನ ಮಾಡಿದಂಗ ಆಗ್ತೈತಿ. ಕೊಡ್ತಾನವ. ತಡಿ.”

“ಹಂಗಾದ್ರ ಹೋಗಿ ಕೇಳಿ ಬರ್ಲೇನ್ರಿ? ಒಂದು ಕೊಡ ಸಾಕಲ್ರಿ ನಮಗ.”

“ಕೇಳಬ್ಯಾಡ. ಕೊಟ್ಟ ನೀರು ಕೇಳಿ ಇಸ್ಕೊಂಡ್ರ ಕೊಟ್ಟಂಗ ಆಗಂಗಿಲ್ಲ. ನನ್ನಾಣಿ ಐತಿ.”

ನೀಲವ್ವ ಚಮಚದಿಂದ ಅವರ ತುಟಿಗೆ ಗುಟುಕು ನೀರು ಬಿಟ್ಟಳು. ಮಾಡಿದ ಗಂಜಿ ಹಾಗೇ ಉಳಿಯಿತು. ಅವಳೂ ಉಣ್ಣಲಿಲ್ಲ.

ಗೋಡೆಯ ಈಚೆ ಪಾರವ್ವ ಗಂಡನಿಗೆ ಹೇಳುತ್ತಿದ್ದಳು. “ಅವರ ಟಾಕಿ ಬರಿದಾಗೈತ್ರಿ. ನಮ್ಮ ಮನ್ಯಾಗ ಕುಡಿಯಾಕ ಎರಡು ಕೊಡ ಅದಾವು. ಒಂದು ಕೊಟ್ಟು ಬರ್ರಿ.”

“ಹುಚ್ಚೀ, ಟಾಕಿ ತುಂಬಿಸಿಕೊಡ್ತೀನಿ ಅಂದ ನಾಲಿಗಿ ಇದು. ಒಂದು ಕೊಡ ಹಿಡ್ಕೊಂಡು ಹ್ಯಾಂಗ ಹೋಗ್ಲಿ? ಮಡಿವಾಳಪ್ಪ ಕಾಕಾ ಏನಂದಾನು? ಹಾಸ್ಯ ಮಾಡಾಕ ಬಂದಾನ ಅಂದಾನು.”

“ಅಂದ್ರ ಅನ್ನಲಿ. ನೀವು ದೊಡ್ಡ ಮನಷ್ಯಾ ಆಗೋದು ಯಾವಾಗರೆ ಬಿಡ್ತೀರಿ?”

“ಟ್ಯಾಂಕರ್‌ನವಗ ಹೇಳೇನಿ. ನಾಳಿ ಬರ್ತಾನ. ಒಮ್ಮೆಲೆ ತುಂಬಿಸಿ ಮಾನ ಉಳಿಸ್ಕೋತೀನಿ.”

ಟ್ಯಾಂಕರಿನವನು ಬರಲಿಲ್ಲ. ಚನ್ನವೀರಪ್ಪ ನೀಲವ್ವನ ಮನೆಯ ಮುಂದೆ ಹಾಯುವುದನ್ನು ಬಿಟ್ಟು, ಹಿಂದಿನ ಸಂದಿಯಿಂದ ಗಿರಣಿಗೆ ಹೋಗಿ ಬರತೊಡಗಿದ. ಆ ಮನೆಯಲ್ಲಿ ಯಾರೂ ಉಣ್ಣುತ್ತಿಲ್ಲ ಎಂದು ಅವನಿಗೆ ತಿಳಿಯದು. ಇವನ ಮನೆಯಲ್ಲಿ ಒಂದು ಕೊಡ ಎದ್ದು ಬರಲು ಕಾದು ಕೂತಿದೆ ಎಂದು ಅವರಿಗೆ ತಿಳಿಯದು. ಎರಡೂ ತಿಳಿದಿದ್ದವನು ನಾನೊಬ್ಬನೇ. ನನ್ನೊಳಗೆ ಇನ್ನೂ ಒಂದು ಬೊಗಸೆ ನೀರು ನಿಂತಿತ್ತು, ಅದೂ ಅವರ ಟಾಕಿಯದೇ. ಅದು ಅಲುಗಿದಾಗಲೆಲ್ಲ ನನಗೆ ಕೂಗಬೇಕೆನಿಸುತ್ತಿತ್ತು. ಯಾರಾದರೂ ಗುಂಡಿ ಒತ್ತದೆ ನನಗೆ ದನಿಯಿಲ್ಲ. ದೇವರೇ, ಕಿವಿ ಕೊಟ್ಟವನು ಬಾಯಿಯನ್ನು ಪರರ ಕೈಗೆ ಏಕೆ ಕೊಟ್ಟೆ ಎಂದು ಕೇಳಿದೆ.

ಬಿಸಿಲು ಮಾತ್ರ ತಪ್ಪದೆ ಬಂತು. ಮಡಿವಾಳಪ್ಪನವರ ಮಾತು ಸಣ್ಣದಾಗುತ್ತ ಹೋಯಿತು. ನೀಲವ್ವ ಮತ್ತೆ ಬೇಡಿಕೊಂಡಳು, ಅತ್ತಳು, ಕೊನೆಗೆ ಬೈದಳು. “ನಿಮ್ಮ ನೇಮಕ್ಕ ನನ್ನ ಕೈ ಕಟ್ಟಿಹಾಕೀರಲ್ರಿ! ನಿಮ್ಮ ಮಗ ಬಂದು ಕೇಳಿದ್ರ ನಾ ಏನ್ ಹೇಳ್ಲಿ?” ಎಂದಳು. ಅವರು ಕಣ್ಣು ತೆರೆದು, “ಚನ್ನವೀರ ಬಂದ್ನೇನು?” ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. “ಬರ್ತಾನ” ಎಂದರು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ನೀಲವ್ವನ ಕೂಗು ಕೇಳಿ ಓಣಿ ಕೂಡಿತು. ಮಡಿವಾಳಪ್ಪನವರ ಉಸಿರು ನಿಂತಿತ್ತು. ಅಯ್ಯನವರು ಬಂದರು. ಯಾರೋ ಒಬ್ಬ ಮುದುಕಿ ನೀಲವ್ವನ ಬೆನ್ನು ಸವರುತ್ತ, “ಏನಾಗಿತ್ತವ್ವ? ಮೊನ್ನಿ ಮಾತಾಡಿದ್ದನಲ್ಲ” ಎಂದಳು.

“ಏನೂ ಆಗಿರಲಿಲ್ಲಬೇ. ಸ್ನಾನ ಆಗಿರಲಿಲ್ಲ, ಹಂಗಾಗಿ ಪೂಜಿ ಇಲ್ಲ. ಪೂಜಿ ಇಲ್ಲಂತ ಉಣಲಿಲ್ಲ. ನೀರು ಬರ್ತೈತಿ, ಬರ್ತೈತಿ ಅಂತಿದ್ರು.”

ಚನ್ನವೀರಪ್ಪ ಆಗ ತಾನೇ ಅವರ ಬಾಗಿಲಿಗೆ ಬಂದಿದ್ದ. ಮಾತು ಕೇಳಿ ಅಲ್ಲೇ ನಿಂತ. ಹುಬ್ಬಿನ ಹಿಟ್ಟಿನ ಕೆಳಗೆ ಅವನ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. ಒಳಗೆ ಅಯ್ಯನವರು, “ಸ್ನಾನಕ್ಕ ನೀರು ತರ್ರಿ” ಎಂದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಓಣಿಯಲ್ಲಿ ಯಾರ ಮನೆಯಲ್ಲೂ ಮೈ ತೊಳೆಯುವಷ್ಟು ನೀರಿರಲಿಲ್ಲ.

ಅವನು ತಿರುಗಿ ತನ್ನ ಮನೆಗೆ ಬಂದ. ಪಾರವ್ವ ಅಡುಗೆಮನೆಯಲ್ಲಿ ಉಳಿದಿದ್ದ ಕಡೆಯ ಕೊಡ ತಂದು, ಅವನ ಹೆಗಲಿಗೆ ಏರಿಸಿದಳು. ಅವನು ಹಿಂದಿನ ಸಂದಿಯಿಂದ ಹೋಗಲಿಲ್ಲ. ಮುಂದಿನ ಹಾದಿಯಲ್ಲಿ, ಎಲ್ಲರ ಕಣ್ಣೆದುರು, ಮೆಲ್ಲಗೆ ನಡೆದು ಹೋದ. ಇಟ್ಟಿಗೆಯ ಸಂದಿನಲ್ಲಿ ನನಗೆ ಮೊದಲು ಅವನ ಕಾಲು ಕಂಡಿತು, ಹೊಸ್ತಿಲಿನ ಮುಂದೆ ನಿಂತ ಬರಿಗಾಲು.

ನೀಲವ್ವ ಎದ್ದು ಬಂದಳು. ಅವನು ಕೊಡ ಇಳಿಸಿ ಮುಂದೆ ಹಿಡಿದ. ಅವಳು ಎರಡೂ ಕೈ ಚಾಚಿ, ಹನಿಯೂ ತುಳುಕದಂತೆ, ಅದನ್ನು ತೆಗೆದುಕೊಂಡು ಒಳಗೆ ಹೋದಳು.