ಇಪ್ಪತ್ತನೆಯ ಒಂದು

ಗಣಿತದ ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗಿತ್ತು. ಬರಿಯ ಒಂದುಗಳನ್ನೇ ಸಾಲಾಗಿ ಬರೆದ ಒಂದು ದೊಡ್ಡ ಸಂಖ್ಯೆಯನ್ನು, ಒಂದರ ಹೊರತು, ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಯೂ ಸಮವಾಗಿ ಭಾಗಿಸಲಾರದು ಎಂದು ಅವರು ಹದಿನಾಲ್ಕು ವರ್ಷ ಕೂತು, ಕೈಲೆಕ್ಕದಲ್ಲೇ ಸಾಧಿಸಿದ್ದರು. ಅದನ್ನು ಅವರ ನೆನಪಿಗಾಗಿ ಶಾಲೆಯ ಗೋಡೆಯ ಮೇಲೆ ಬರೆಸುವುದೆಂದು ತೀರ್ಮಾನವಾಗಿತ್ತು. ಸಂಖ್ಯೆಯಿದ್ದ ಚೀಟಿಯನ್ನು ಅವರ ಹೆಂಡತಿಯೇ ಶಾಲೆಗೆ ಕಳಿಸಿದ್ದಳು. ವಿಜ್ಞಾನದ ಮೇಷ್ಟ್ರು ಅದನ್ನು ಹಿಡಿದುಕೊಂಡು ಆಕೆಯ ಮನೆಗೆ ಬಂದರು.

“ಅಕ್ಕಾ, ಪೇಂಟರನ್ನ ವಾಪಸ್ ಕಳಿಸಿಬಿಟ್ಟೆ.”

“ಯಾಕಪ್ಪಾ, ಬಣ್ಣ ಮುಗೀತಾ?”

“ಇದರಲ್ಲಿ ಒಂದುಗಳು ಇಪ್ಪತ್ತು ಇದಾವೆ. ಎರಡೆರಡು ಜೋಡಿ ಮಾಡಿ ನೋಡಿ, ಸಾಲಾಗಿ ಹತ್ತು ಸಲ ಹನ್ನೊಂದು. ಹನ್ನೊಂದರಲ್ಲಿ ಸಲೀಸಾಗಿ ಭಾಗ ಹೋಗತ್ತೆ. ಮಕ್ಕಳೂ ನಗ್ತಾರೆ.”

ಆಕೆಗೆ ಮೈಯೆಲ್ಲ ಉರಿಯಿತು. “ಅವರು ಬದುಕಿದ್ದಾಗ ಚದುರಂಗದಲ್ಲಿ ಅವರ ಮೇಲೆ ಒಂದಾಟ ಗೆಲ್ಲೋಕಾಗಲಿಲ್ಲ ನಿನಗೆ. ಕೊನೇ ಒಂದು ನೀನೇ ಗೀಚಿದ್ದಲ್ಲ ತಾನೆ?”

ಮೇಷ್ಟ್ರು ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೊನೆಯ ಒಂದಕ್ಕೂ ಅದೇ ಶಾಯಿ, ಅದೇ ಓರೆ. ಆಸ್ಪತ್ರೆಯಲ್ಲಿ ಗಂಡನ ಕೈ ನಡುಗುತ್ತಿದ್ದುದರಿಂದ ಅವರ ಲೆಕ್ಕದ ಪುಸ್ತಕ ನೋಡಿ ಚೀಟಿಗೆ ನಕಲು ಮಾಡಿದವಳು ತಾನೇ. ಅವರು ಓದಿ, ಸರಿಯಾಗಿದೆ ಎಂದಿದ್ದರು. ಹಾಗಾದರೆ ತಪ್ಪಿದವರು ಅವರೇ? ಅಥವಾ, ದೇವರೇ, ಗೊತ್ತಿದ್ದೂ ಮುಚ್ಚಿಟ್ಟರೇ? ಪ್ರಾರ್ಥನೆಗೆ ಕೈಮುಗಿದರೆ ಕಣ್ಣೆದುರು ಆ ಒಂದೇ ಬಂದು ನಿಲ್ಲುತ್ತಿತ್ತು. ಸತ್ತವರ ಮೇಲೆ ಅನುಮಾನಪಡುವ ಪಾಪವನ್ನು ಯಾರಲ್ಲಿ ಹೇಳಿಕೊಳ್ಳುವುದು?

ತಡೆಯಲಾರದೆ ಅವರ ಪುಸ್ತಕವನ್ನು ಬಿಚ್ಚಿದಳು. ಮೊದಲ ಪುಟದಲ್ಲಿ ಇಪ್ಪತ್ತೈದನ್ನು ಇಪ್ಪತ್ತೈದರಿಂದ ಗುಣಿಸಿದ್ದರು. ಉತ್ತರ 625, ಆಮೇಲೆ ಒಂದು ಕೂದಲೆಳೆಯಷ್ಟು ಜಾಗ ಬಿಟ್ಟು 4. ಕೆಳಗೆ 132, ಪಕ್ಕದಲ್ಲಿ 6. ಈ ಬಾಲಗಳು ಯಾತಕ್ಕೆ? ಗಂಡನ ಮೇಲಿನ ಗುಮಾನಿ ಇನ್ನೂ ಬಲವಾಯಿತು. ಬೆರಳು ಮಡಿಸುತ್ತ ಕೂಡಿದಳು. ಆರು, ಎರಡು, ಐದು: ಹದಿಮೂರು. ಒಂಬತ್ತು ಬಿಟ್ಟರೆ ನಾಲ್ಕು. ಒಂದು, ಮೂರು, ಎರಡು: ಆರು. ಉತ್ತರ ಸರಿಯೇ ಎಂದು ತಾಳೆ ನೋಡಲು ಶಾಲೆಯಲ್ಲಿ ಕಲಿಸಿದ್ದ ಒಂಬತ್ತು ಬಿಡುವ ಲೆಕ್ಕ! ಪ್ರತಿ ಸಂಖ್ಯೆಯ ಕೊನೆಗೂ ಅವರು ತಾಳೆಯಂಕಿ ಬರೆದಿಡುತ್ತಿದ್ದರು.

ಕೊನೆಯ ಪುಟ ತೆರೆದಳು. ಹತ್ತೊಂಬತ್ತು ಒಂದುಗಳು, ಕೂದಲೆಳೆಯಷ್ಟು ಜಾಗ, ಆಮೇಲೆ ಇನ್ನೊಂದು ಒಂದು. ಕೂಡಿದರೆ ಹತ್ತೊಂಬತ್ತು, ಎರಡು ಸಲ ಒಂಬತ್ತು ಬಿಟ್ಟರೆ ಒಂದು. ಆ ಒಂದನ್ನು ಚೀಟಿಯಲ್ಲಿ ಜಾಗ ಬಿಡದೆ ಸಾಲಿಗೆ ಅಂಟಿಸಿದವಳು ತಾನು. ಚೀಟಿ ಓದುವಾಗ ಅವರು ಅದನ್ನು ತಾಳೆಯಂಕಿಯೆಂದೇ ತಿಳಿದು, ಸಂಖ್ಯೆಗೆ ಸೇರಿಸಿ ಎಣಿಸಿಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಶಾಲೆಗೆ ಹೋಗಿ ಪುಸ್ತಕವನ್ನು ವಿಜ್ಞಾನದ ಮೇಷ್ಟ್ರ ಮೇಜಿನ ಮೇಲಿಟ್ಟಳು. “ಕೊನೇದು ತಾಳೆಯಂಕಿ. ತಪ್ಪು ನನ್ನದಪ್ಪಾ. ಆಡಿದ ಮಾತೂ ತಪ್ಪು.”

ಅವರು ಎಣಿಸಿದರು. ಜೋಡಿ ಮಾಡಿದಾಗ ಒಂದು ಒಂಟಿಯಾಗಿ ಉಳಿಯಿತು. “ಹನ್ನೊಂದರ ಆಟ ನಡೆಯಲ್ಲ ಬಿಡಿ. ಆದರೆ ಅಕ್ಕಾ, ಬೇರೆ ಯಾವುದಾದರೂ ಸಂಖ್ಯೆಯಲ್ಲಿ ಭಾಗ ಹೋದರೆ...”

“ಗೊತ್ತು. ನಿನಗೆ ಇನ್ನೂ ಅನುಮಾನ. ಹದಿನಾಲ್ಕು ವರ್ಷದ ಲೆಕ್ಕ ಇದರಲ್ಲಿದೆ. ಒಂದು ಸಾಲೂ ಬಿಡದೆ ನೋಡು, ಆಮೇಲೇ ಪೇಂಟರನ್ನ ಕರೆಸು.”

“ತಿಂಗಳುಗಟ್ಟಲೆ ಆಗತ್ತೆ!”

“ಆಗಲಿ,” ಎಂದು ಆಕೆ ಎದುರಿನ ಕುರ್ಚಿಯನ್ನು ಎಳೆದುಕೊಂಡಳು. “ಅಂಕಿ ನೀನು ಓದು. ಒಂಬತ್ತು ನಾನು ಬಿಡ್ತೀನಿ.”